ಮಗ ಓದುವ ಊರಿಗೆ ಉಮ್ಮ ಹೋದಾಗ

"ಮಗನನ್ನು ಕಳಿಸಿ ಎರಡು ವರ್ಷ ಆಯ್ತು. ಅವನು ಮಲಗುವ ಮಂಚ ಎಲ್ಲಿದೆ, ಅಡುಗೆ ಮಾಡುವ ಜಾಗ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಒಮ್ಮೆ ನೋಡ್ಬೇಕು."

2024ರ ಆಗಸ್ಟ್ ತಿಂಗಳ ಒಂದು ರಾತ್ರಿ, ಊಟ ಮುಗಿಸಿ ಕುಳಿತಾಗ ನನ್ನ ಮನೆಯವಳು ಹೇಳಿದ ಮಾತಿದು. ನಾನು ನಕ್ಕುಬಿಟ್ಟೆ. ದಿನಾ ವಿಡಿಯೊ ಕಾಲ್‌ನಲ್ಲಿ ಮುಖ ನೋಡುತ್ತೀಯಲ್ಲ, ಇನ್ನೇನು ಬಾಕಿ ಇದೆ ಎಂದೆ. "ಮುಖ ಮಾತ್ರ ಕಾಣ್ತದೆ" ಎಂದಳು.

ನಮ್ಮದು ಚನ್ನಗಿರಿ. ನನ್ನ ಬಾಪ ಬಂಟ್ವಾಳದ ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿ ಅಡಿಕೆ ವ್ಯಾಪಾರಕ್ಕೆ ನಿಂತವರು. ಮನೆಯಲ್ಲಿ ಬ್ಯಾರಿ ಮಾತು, ಅಂಗಡಿಯಲ್ಲಿ ಕನ್ನಡ, ಮಸೀದಿಯ ಮುಂದೆ ಉರ್ದು. ಮಗ ಕಝಾಕಿಸ್ತಾನದ ಅಲ್ಮಾಟಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಆ ಬೇಸಿಗೆಯಲ್ಲಿ ಅವನು ರಜೆಗೆ ಊರಿಗೆ ಬರಬೇಕಿತ್ತು. "ಪ್ರಾಕ್ಟಿಕಲ್ಸ್ ಇದೆ ಬಾಪ, ಈ ಸಲ ಆಗಲ್ಲ" ಎಂದ. ಟಿಕೆಟ್ ದುಡ್ಡು ಉಳಿಯಿತು ಎಂದು ನಾನು ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ.

ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿದ ಮನೆಗಳು ಈಗ ಹೊಸತೇನಲ್ಲ. ಕಳಿಸುವ ಮುಂಚೆ ಫೀಸು, ಸಾಲ, ಕಾಲೇಜು, ಏಜೆಂಟರ ಬಗ್ಗೆ ಊರೆಲ್ಲ ಮಾತಾಡುತ್ತದೆ. ಕಳಿಸಿದ ಮೇಲೆ ಒಮ್ಮೆ ಹೋಗಿ ನೋಡಿಕೊಂಡು ಬರುವ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ನಮ್ಮ ಮನೆಯ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಳಗೇರಿಯ ನೆನಪು

ನಮ್ಮ ಮಗ ಪಿಯುಸಿ ಮುಗಿಸಿ ನೀಟ್‌ಗೆ ಓದುತ್ತಿದ್ದ ಹೊತ್ತಿನಲ್ಲೇ ಉಕ್ರೇನ್ ಯುದ್ಧ ಶುರುವಾಯಿತು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ನವೀನ್ ಶೇಖರಪ್ಪ ಗ್ಯಾನಗೌಡರ್ ಶೆಲ್ ದಾಳಿಗೆ ಬಲಿಯಾದರು. ಅಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದ ಹುಡುಗ. ಊರು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ. ಹರಿಹರ ದಾಟಿದರೆ ಸಿಗುವ ಊರು, ನಮಗೆ ನೆರೆಮನೆ ಇದ್ದ ಹಾಗೆ. ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂತು. ಮನೆಯಲ್ಲಿ ವಿಧಿಗಳನ್ನು ಮುಗಿಸಿ, ತಂದೆ ತಾಯಿ ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಯಾವ ಮನೆಯಲ್ಲಿ ಟಿವಿ ಆರಿತ್ತು? ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ, ಎಲ್ಲಿ ಕೂತರೂ ಅದೇ ಮಾತು. ಮಗ ಡಾಕ್ಟರಾಗಲಿ ಎಂದು ಕಳಿಸಿದ ಮನೆಯವರು ಮಗನ ಶರೀರವನ್ನೇ ಡಾಕ್ಟರಾಗುವ ಮಕ್ಕಳಿಗೆ ಕೊಟ್ಟರು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಅದಾದ ಮೇಲೂ ಆ ವರ್ಷವೇ ನಾವು ಮಗನನ್ನು ಕಳಿಸಿದೆವು. ನೀಟ್‌ನಲ್ಲಿ ಅರ್ಹತೆ ಸಿಕ್ಕಿತ್ತು, ಸರ್ಕಾರಿ ಸೀಟಿಗೆ ಸಾಲುವಷ್ಟು ಅಂಕ ಇರಲಿಲ್ಲ. ಖಾಸಗಿ ಸೀಟಿನ ಫೀಸು ಕೇಳಿದರೆ ತೋಟವನ್ನೇ ಮಾರಬೇಕಿತ್ತು. ಅಲ್ಮಾಟಿ ಆಯಿತು. ಅವನು ಹೊರಟ ದಿನ ಅವನ ಉಮ್ಮ ಅಳಲಿಲ್ಲ. "ಅಲ್ಲಿ ಯುದ್ಧ ಇಲ್ಲ ಅಲ್ವಾ?" ಎಂದು ಮಾತ್ರ ಕೇಳಿದಳು.

ಉಮ್ರಾದ ಪಾಸ್‌ಪೋರ್ಟ್

ಹೋಗುವುದು ಎಂದಾದ ಮೇಲೆ ಯಾರು ಹೋಗುವುದು? ಕೈಯಲ್ಲಿದ್ದದ್ದು ಒಬ್ಬರ ಖರ್ಚಿಗೆ ಸಾಕಾಗುವ ಹಣ. ಸೆಪ್ಟೆಂಬರ್ ಬಂದರೆ ನಮ್ಮಲ್ಲಿ ಅಡಿಕೆ ಕೊಯ್ಲು ಶುರು. ಖೇಣಿ ಹಿಡಿದ ತೋಟಗಳು, ಸುಲಿಯುವವರು, ಬೇಯಿಸುವ ಹಂಡೆ, ಒಣಗಿಸುವ ಕಣ. ಒಂದು ಮಳೆ ಬಿದ್ದರೆ ಇಡೀ ರಾಶಿ ಹಾಳು. ನಾನು ಅಂಗಡಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಸತ್ಯ ಹೇಳಬೇಕೆಂದರೆ, ನಾನೇ ಹೋಗಬೇಕು ಎಂದು ಮನಸ್ಸಿನಲ್ಲಿತ್ತು. ಕಾಲೇಜು ನೋಡಬೇಕು, ಮೇಷ್ಟ್ರ ಹತ್ತಿರ ಮಾತಾಡಬೇಕು, ಕೊಟ್ಟ ದುಡ್ಡಿಗೆ ಲೆಕ್ಕ ಸಿಗಬೇಕು. ಅವಳಿಗೆ ಇಂಗ್ಲಿಷ್ ಬಾರದು, ಹೋಗಿ ಏನು ಮಾಡುತ್ತಾಳೆ ಎಂಬ ಅಹಂಕಾರವೂ ಇತ್ತು.

ಅವಳ ಪಾಸ್‌ಪೋರ್ಟ್ ಉಮ್ರಾಕ್ಕೆ ಎಂದು ಮೊದಲೇ ಮಾಡಿಸಿದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರ ಪಾಸ್‌ಪೋರ್ಟ್ ಹಾಗೆಯೇ ಒಮ್ಮೆ ಮಕ್ಕಾ ಮದೀನ ನೋಡಿ ಬಂದು ಬೀರುವಿನಲ್ಲಿ ಮಲಗಿರುತ್ತದೆ. ಕಝಾಕಿಸ್ತಾನಕ್ಕೆ ನಮ್ಮ ದೇಶದವರು 14 ದಿನದವರೆಗೆ ವೀಸಾ ಇಲ್ಲದೆ ಹೋಗಬಹುದು. 2022ರ ಜುಲೈಯಿಂದ ಈ ಸೌಲಭ್ಯ ಇದೆ. ದಿಲ್ಲಿಯಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗಿನ ದಾರಿ.

ಹೆಂಗಸು ಒಬ್ಬಳೇ ಅಷ್ಟು ದೂರ ಹೇಗೆ ಹೋಗುವುದು ಎಂದು ಮನೆಯ ಹಿರಿಯರು ಕೇಳಿದರು. ಕೇಳುವುದು ಸಹಜ. ಶಾರ್ಜಾದಲ್ಲಿರುವ ಅವಳ ತಮ್ಮ ಆಗ ರಜೆಗೆ ಊರಿಗೆ ಬಂದಿದ್ದ. "ನಾನು ಅಕ್ಕನನ್ನು ಕರ್ಕೊಂಡು ಹೋಗಿ ಬಿಟ್ಟು, ಅಲ್ಲಿಂದಲೇ ಶಾರ್ಜಾಕ್ಕೆ ಹೋಗ್ತೇನೆ" ಎಂದ. ವಾಪಸ್ ಬರುವ ವಿಮಾನದಲ್ಲಿ ರಜೆಗೆ ಬರುತ್ತಿದ್ದ ನಮ್ಮ ಕಡೆಯ ಇಬ್ಬರು ಹುಡುಗಿಯರಿದ್ದರು. ಹೀಗೆ ಆ ಗಂಟು ಬಿಡಿಸಿಕೊಂಡಿತು.

ಇನ್ನೊಂದು ಗಂಟು ಬಿಡಿಸಿಕೊಳ್ಳಲಿಲ್ಲ. ಬರುವಾಗ ಶಾರ್ಜಾದಲ್ಲಿ ಎರಡು ದಿನ ತಮ್ಮನ ಮನೆಯಲ್ಲಿದ್ದು ಬರಲಿ ಎಂದುಕೊಂಡಿದ್ದೆವು. ಅವಳ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ಒಂದೇ ಹೆಸರು. ಮನೆತನದ ಹೆಸರಿನ ಕಾಲಂ ಖಾಲಿ. 2022ರ ನವೆಂಬರ್‌ನಿಂದ ಯುಎಇ ಹೀಗೆ ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದರಲ್ಲಿ ಕಟ್ಟುನಿಟ್ಟು ಮಾಡಿದೆ. ನಮ್ಮ ಹೆಂಗಸರ ಕಾಗದಪತ್ರಗಳಲ್ಲಿ ಈ ತೊಡಕು ಬಹಳ. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ರೇಷನ್ ಕಾರ್ಡ್‌ನಲ್ಲಿ ಮತ್ತೊಂದು. ಕೊನೆಗೆ ಶಾರ್ಜಾ ಬಿಟ್ಟೆವು.

ಪೆಟ್ಟಿಗೆಯಲ್ಲಿ ಬಟ್ಟೆ ಕಡಿಮೆ, ಅಡುಗೆ ಸಾಮಾನೇ ಹೆಚ್ಚು. ಕುಚ್ಚಲಕ್ಕಿ, ಅಕ್ಕಿ ಹಿಟ್ಟು, ಮನೆಯಲ್ಲೇ ಹುರಿದು ಪುಡಿ ಮಾಡಿದ ಮಸಾಲೆ, ಹುಣಿಸೆಹಣ್ಣು. ರೊಟ್ಟಿ ಒತ್ತುವ ಮಣೆಯನ್ನೂ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು. ತೂಕ ಹೆಚ್ಚಾಯಿತು ಎಂದು ನಾನು ಗೊಣಗಿದೆ. "ನನ್ನ ಎರಡು ಸೀರೆ ತೆಗೀರಿ, ಮಣೆ ಇರ್ಲಿ" ಎಂದಳು.

ಅರ್ಧ ಗಂಟೆ ಹಿಂದಿನ ಊರು

ಮಗ ಅಲ್ಮಾಟಿಗೆ ಹೋದಾಗ ಅಲ್ಲಿಯ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದಿತ್ತು. 2024ರ ಮಾರ್ಚ್ 1ರಿಂದ ಆ ದೇಶ ಪೂರ್ತಿ ಒಂದೇ ಸಮಯಕ್ಕೆ ಬಂತು. ಈಗ ನಮಗಿಂತ ಅರ್ಧ ಗಂಟೆ ಹಿಂದೆ. "ಇಷ್ಟೇ ಅಂತರ ಇರುವ ಊರನ್ನು ಇಷ್ಟು ದಿನ ದೂರ ಅಂದ್ಕೊಂಡಿದ್ದೆ" ಎಂದು ಅವಳು ಮೊದಲ ದಿನ ಫೋನಿನಲ್ಲಿ ಹೇಳಿದಳು.

ಹಾಸ್ಟೆಲ್‌ನಲ್ಲಿ ಪೋಷಕರು ತಂಗುವ ಹಾಗಿರಲಿಲ್ಲ. ಹತ್ತಿರದಲ್ಲೇ ದಿನದ ಬಾಡಿಗೆಗೆ ಅಡುಗೆಮನೆ ಇರುವ ಒಂದು ಸಣ್ಣ ಮನೆ ಹಿಡಿದಿದ್ದರು. ಕಿಟಕಿ ತೆರೆದರೆ ಹಿಮ ಹೊತ್ತ ಅಲತಾವು ಬೆಟ್ಟಗಳು. ತಮ್ಮ ನಾಲ್ಕು ದಿನ ಇದ್ದು ಶಾರ್ಜಾಕ್ಕೆ ಹೊರಟ.

ಅಕ್ಟೋಬರ್ ಅಲ್ಲಿ ಸೇಬಿನ ಕಾಲ. ಊರಿನ ಹೆಸರಿನಲ್ಲೇ ಸೇಬು ಇದೆ, 'ಅಲ್ಮಾ' ಎಂದರೆ ಸೇಬು. ಹಸಿರು ಬಜಾರ್ ಎಂದು ಕರೆಯುವ ಹಳೇ ಮಾರುಕಟ್ಟೆಗೆ ಮಗ ಕರೆದುಕೊಂಡು ಹೋದ. ಒಣದ್ರಾಕ್ಷಿ, ವಾಲ್‌ನಟ್, ಸೇಬಿನ ರಾಶಿ. ಒಂದು ಸಾಲಿನಲ್ಲಿ ಕುದುರೆ ಮಾಂಸ ತೂಗು ಹಾಕಿದ್ದು ನೋಡಿ ಅವಳಿಗೆ ಗಾಬರಿ. ಅಲ್ಲಿಯವರಿಗೆ ಅದು ಹಬ್ಬದ ಊಟ, ಹಲಾಲ್ ಆದದ್ದೇ ಎಂದು ಮಗ ಹೇಳಿದರೂ ಆ ಸಾಲಿಗೆ ಅವಳು ಮತ್ತೆ ಹೋಗಲಿಲ್ಲ.

ಭಾಷೆ ಬಾರದ ಹೆಂಗಸು ಏನು ಮಾಡುತ್ತಾಳೆ ಎಂದಿದ್ದೆನಲ್ಲ? ಎರಡನೇ ದಿನವೇ ಪಕ್ಕದ ಮನೆಯ ಅಜ್ಜಿಯ ಸ್ನೇಹ ಆಗಿತ್ತು. ಸಲಾಂ ಹೇಳಿದರೆ ಸಲಾಂ ಬಂತು. ರೊಟ್ಟಿಗೆ ಅಲ್ಲಿ 'ನಾನ್', ಚಹಾಕ್ಕೆ 'ಷಾಯ್', ಪುಸ್ತಕಕ್ಕೆ 'ಕಿತಾಪ್', ಶಾಲೆಗೆ 'ಮೆಕ್ತೆಪ್', ಕೃತಜ್ಞತೆ ಹೇಳಲು 'ರಹ್ಮೆತ್'. ಮದರಸದಲ್ಲಿ ಕಲಿತ ಕಿವಿಗೆ ಇವು ಯಾವುವೂ ಪರಕೀಯ ಅನಿಸಲಿಲ್ಲ. ಚಹಾಕ್ಕೆ ಹಾಲು ಹಾಕುವವರು ಎಂಬುದೇ ಅವಳಿಗೆ ಅರ್ಧ ಸಮಾಧಾನ.

ನಾನು ಕೊಟ್ಟು ಕಳಿಸಿದ್ದ ಪಟ್ಟಿಯೊಂದಿತ್ತು. ಹಾಜರಿ ಎಷ್ಟು, ಅಂಕ ಎಷ್ಟು, ಎಷ್ಟು ಹೊತ್ತಿಗೆ ಏಳುತ್ತಾನೆ, ಸ್ನೇಹಿತರು ಯಾರು. ದಿನಾ ಫೋನ್ ಮಾಡಿ "ಕೇಳಿದ್ಯಾ?" ಎನ್ನುತ್ತಿದ್ದೆ. "ಕೇಳ್ತೇನೆ, ಅವಸರ ಏನು?" ಎನ್ನುತ್ತಿದ್ದಳು. ಅವಳು ಕೇಳಲೇ ಇಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಬೆಳಗ್ಗೆ ಅವನು ಕ್ಲಾಸಿಗೆ ಹೋಗುವುದು, ಸಂಜೆ ಬರುವುದು, ಉಮ್ಮ ರೊಟ್ಟಿ ಒತ್ತುವುದು, ಅವನು ಪಕ್ಕದಲ್ಲಿ ಕೂತು ಓದುವುದು. ದಿನವೂ ಇಷ್ಟೇ. ಅವಳು ಒಂದೆರಡು ವಿಷಯ ಗಮನಿಸಿದ್ದಳು. ಮಗ ಪಾಠವನ್ನೆಲ್ಲ ಮೊಬೈಲಿನ ಸಣ್ಣ ಪರದೆಯಲ್ಲೇ ಓದುತ್ತಿದ್ದ. ಲ್ಯಾಪ್‌ಟಾಪ್ ಕಾಣಲಿಲ್ಲ. ಅಂಗಿ ಎಲ್ಲ ಸಡಿಲ. ಚಳಿಗಾಲದ ಜಾಕೆಟ್ ಸ್ನೇಹಿತನದ್ದು.

ಒಂಬತ್ತನೇ ದಿನ ಸಂಜೆ, ತಟ್ಟೆಯ ಮುಂದೆ ಕೂತು ಅವನೇ ಬಾಯಿಬಿಟ್ಟ. ಎರಡನೇ ವರ್ಷದಲ್ಲಿ ಬಯೋಕೆಮಿಸ್ಟ್ರಿ ಫೇಲಾಗಿತ್ತು. ಬೇಸಿಗೆಯಲ್ಲಿ ಹಣ ಕಟ್ಟಿ ಅದೇ ವಿಷಯ ಮತ್ತೆ ಓದಿ ಬರೆಯಬೇಕಿತ್ತು. ರಜೆಗೆ ಬಾರದ ಕಾರಣ ಅದು. ಆ ಹಣಕ್ಕೆ ಲ್ಯಾಪ್‌ಟಾಪ್ ಮಾರಿದ್ದ, ಕೆಲವು ತಿಂಗಳು ಒಂದೇ ಹೊತ್ತು ಸರಿಯಾಗಿ ತಿಂದಿದ್ದ. ಪರೀಕ್ಷೆ ಪಾಸಾಗಿತ್ತು. ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

"ಬಾಪನಿಗೆ ನೀವು ಹೇಳ್ಬೇಡಿ ಉಮ್ಮ. ನಾನೇ ಹೇಳ್ತೇನೆ" ಎಂದನಂತೆ.

ಅವಳು ಆಯಿತು ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳಂತೆ.

ನಮ್ಮ ಮನೆಯ ಹಳೇ ಕ್ಯಾಸೆಟ್

ಮಗನ ಬಾಯಿಂದಲೇ ಸಂಗತಿ ಗೊತ್ತಾದ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಸಾಲದ ಕಂತು ಕಟ್ಟುವವನು ನಾನು, ನನಗೇ ಸುಳ್ಳು ಹೇಳಿದ ಎಂಬ ಸಿಟ್ಟು. ರಾತ್ರಿ ನಿದ್ದೆ ಬರಲಿಲ್ಲ. ಆಗ ನನ್ನ ಅಣ್ಣನ ನೆನಪಾಯಿತು.

1980ರ ದಶಕದಲ್ಲಿ ಅಣ್ಣ ದುಡಿಯಲು ದಮ್ಮಾಮ್‌ಗೆ ಹೋದರು. ಫೋನ್ ದುಬಾರಿ. ಆ ಕಾಲದ ಗಲ್ಫ್ ಮನೆಗಳಲ್ಲಿ ಇದ್ದ ಹಾಗೆ ನಮ್ಮಲ್ಲೂ ಕ್ಯಾಸೆಟ್ ವ್ಯವಹಾರ. ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿಸಿದ ಕ್ಯಾಸೆಟ್ ಬರುತ್ತಿತ್ತು. ಮನೆಮಂದಿಯೆಲ್ಲ ಟೇಪ್ ರೆಕಾರ್ಡರ್ ಸುತ್ತ ಕೂರುತ್ತಿದ್ದೆವು. "ನಾನು ಇಲ್ಲಿ ಸುಖವಾಗಿದ್ದೇನೆ" ಎಂದೇ ಪ್ರತಿ ಕ್ಯಾಸೆಟ್ ಶುರು. ಒಂದು ಕೋಣೆಯಲ್ಲಿ ಹನ್ನೆರಡು ಜನ ಪಾಳಿಯಲ್ಲಿ ಮಲಗುತ್ತಿದ್ದರು ಎಂದು ಅವರು ಹೇಳಿದ್ದು ಊರಿಗೆ ಮರಳಿ ಬಂದು ಎಷ್ಟೋ ವರ್ಷದ ಮೇಲೆ. ಆಗ ಬಾಪ ಇರಲಿಲ್ಲ. ಮಗ ಇದ್ದ ಕೋಣೆಯನ್ನು ಅವರು ಕೊನೆಗೂ ನೋಡಲಿಲ್ಲ.

ಮನೆಗೆ ನೋವು ಕೊಡಬಾರದು ಎಂದು ಅಣ್ಣ ಮುಚ್ಚಿಟ್ಟರು. ನನ್ನ ಮಗ ಮಾಡಿದ್ದೂ ಅದನ್ನೇ. ಕ್ಯಾಸೆಟ್ ಹೋಗಿ ವಿಡಿಯೊ ಕಾಲ್ ಬಂದರೂ ಮುಚ್ಚಿಡುವ ಮಕ್ಕಳು ಮುಚ್ಚಿಡುತ್ತಾರೆ. ಜುಮ್ಮಾ ದಿನ ಹತ್ತು ನಿಮಿಷ ಮಾತಾಡಿ "ಮಾರ್ಕ್ಸ್ ಎಷ್ಟು?" ಎಂದು ಕೇಳುವ ಬಾಪನಿಗೆ ಅವರು ಇನ್ನೇನು ತಾನೆ ಹೇಳುತ್ತಾರೆ? ಒಟ್ಟಿಗೆ ಕೂತು ಒಂಬತ್ತು ದಿನ ಉಂಡ ಮೇಲೆ ಬಾಯಿಗೆ ಬಂದ ಮಾತು ಅದು. ನಾನು ಹೋಗಿದ್ದರೆ ಮೊದಲ ದಿನವೇ ಪಟ್ಟಿ ತೆಗೆಯುತ್ತಿದ್ದೆ. ಅವನು ಹದಿನಾಲ್ಕನೇ ದಿನವೂ "ಎಲ್ಲ ಚೆನ್ನಾಗಿದೆ ಬಾಪ" ಎನ್ನುತ್ತಿದ್ದ.

ಹೊರಡುವವರಿಗೆ ನಾಲ್ಕು ಮಾತು

ನಮ್ಮವರು ಬಹುಪಾಲು ಪದವಿ ಪ್ರದಾನಕ್ಕೆ ಹೋದರಾಯಿತು ಎಂದು ದಿನ ತಳ್ಳುತ್ತಾರೆ. ಆಗ ಫೋಟೊ ಸಿಗುತ್ತದೆ, ಸಹಾಯ ಬೇಕಾದ ಹೊತ್ತು ದಾಟಿ ಹೋಗಿರುತ್ತದೆ. ಕೂಡುವುದಾದರೆ ಎರಡನೇ ಅಥವಾ ಮೂರನೇ ವರ್ಷದಲ್ಲಿ ಹೋಗಿ.

ಪಾಸ್‌ಪೋರ್ಟ್‌ಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ದಾವಣಗೆರೆಯ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಅರ್ಜಿ ಹಾಕುವಾಗ ಹೆಸರು, ಮನೆತನದ ಹೆಸರು ಎರಡೂ ಕಾಲಂ ತುಂಬಿಸಿ. ಆಧಾರ್ ಹೆಸರಿಗೂ ಅದಕ್ಕೂ ಹೊಂದಾಣಿಕೆ ಇರಲಿ. ಹೊರಡುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇದೆಯೇ ನೋಡಿಕೊಳ್ಳಿ.

ಕಝಾಕಿಸ್ತಾನಕ್ಕೆ ಹೋಗುವವರು 14 ದಿನ ಮೀರಬಾರದು. ಉಳಿಸಿಕೊಳ್ಳುವ ಹೋಟೆಲ್ ಅಥವಾ ಮನೆಯವರು ಮೂರು ಕೆಲಸದ ದಿನಗಳೊಳಗೆ ಅಲ್ಲಿಯ ವಲಸೆ ಇಲಾಖೆಗೆ ತಿಳಿಸಬೇಕು. ತಿಳಿಸಿದ್ದಾರೆಯೇ ಎಂದು ಮಗನಿಂದಲೇ ಕೇಳಿಸಿ. ಜರ್ಮನಿ, ಫ್ರಾನ್ಸ್ ಮುಂತಾದ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಬ್ರಿಟನ್ನಿನ ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಕೆನಡಾದ ಸೂಪರ್ ವೀಸಾ ಅಲ್ಲಿಯ ಪೌರರು ಮತ್ತು ಕಾಯಂ ನಿವಾಸಿಗಳ ತಂದೆ ತಾಯಿಗೆ ಮಾತ್ರ. ಓದುವ ಮಕ್ಕಳ ಪೋಷಕರು ಸಾಮಾನ್ಯ ವಿಸಿಟರ್ ವೀಸಾಕ್ಕೇ ಅರ್ಜಿ ಹಾಕಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಇನ್ನೊಮ್ಮೆ ವಿಚಾರಿಸಿ.

ಅಡಿಕೆ, ಮೆಕ್ಕೆಜೋಳದ ಮನೆಗಳಿಗೆ ಇನ್ನೊಂದು ಮಾತು. ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಅದೂ ಒಟ್ಟಿಗೆ. ಅರ್ಜಿ ಹಾಕುವ ವಾರದಲ್ಲಿ ಖಾತೆಗೆ ದೊಡ್ಡ ಮೊತ್ತ ಬಂದರೆ ಎಲ್ಲಿಂದ ಬಂತು ಎಂಬ ಅನುಮಾನ ಹುಟ್ಟುತ್ತದೆ. ಮಂಡಿಯ ಪಟ್ಟಿ, ಪಹಣಿ ಜೋಡಿಸಿ ಇಟ್ಟುಕೊಳ್ಳಿ.

ಮೆಡಿಕಲ್ ಓದುವವರ ಪೋಷಕರು ಒಂದನ್ನು ಖಂಡಿತ ತಿಳಿದುಕೊಂಡು ಬನ್ನಿ. 2021ರ ನವೆಂಬರ್‌ನ ನಿಯಮದ ಪ್ರಕಾರ ಹೊರದೇಶದ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷ್‌ನಲ್ಲಿ ಆಗಬೇಕು, ಜೊತೆಗೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಊರಿಗೆ ಬಂದ ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆ ಬೇರೆ. ಏಜೆಂಟರ ಬಾಯಿಮಾತು ಬಿಟ್ಟು ಕಾಲೇಜಿನಲ್ಲೇ ಕೇಳಿ.

ಹೋಗಲು ಆಗದವರು

ಎಲ್ಲರಿಗೂ ಹೋಗಲು ಆಗುವುದಿಲ್ಲ. ಜಗಳೂರಿನ ನನ್ನ ಪರಿಚಯದವರೊಬ್ಬರ ಮಗ ಜರ್ಮನಿಯಲ್ಲಿ ಓದುತ್ತಾನೆ. ಮಳೆ ಕೈಕೊಟ್ಟ ವರ್ಷ ಬಡ್ಡಿ ಕಟ್ಟುವುದೇ ಕಷ್ಟ, ಟಿಕೆಟ್ ಮಾತೇ ಇಲ್ಲ. ಅವರು ಒಂದು ಉಪಾಯ ಮಾಡಿದ್ದಾರೆ. ಭಾನುವಾರ ಮಗ ಅಡುಗೆ ಮಾಡುವಾಗ ಫೋನನ್ನು ಒಲೆಯ ಪಕ್ಕ ನಿಲ್ಲಿಸುತ್ತಾನೆ. ಇಲ್ಲಿ ಅವನ ಉಮ್ಮ ತನ್ನ ಕೆಲಸ ಮಾಡುತ್ತಾ ಇರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಒಂದು ಗಂಟೆ ಹಾಗೇ ಹೋಗುತ್ತದೆ. "ಅರ್ಧ ಗಂಟೆ ಆದ ಮೇಲೆ ಅವನೇ ಮಾತಾಡ್ತಾನೆ" ಎಂದರು.

ನ್ಯಾಮತಿ ಕಡೆಯ ಒಬ್ಬ ತಾಯಿ ನಮ್ಮ ಮನೆಗೆ ಬಂದು ಅಲ್ಮಾಟಿಯ ಕಥೆಯನ್ನೆಲ್ಲ ಕೇಳಿ, "ನನ್ನದು ಪಾಸ್‌ಪೋರ್ಟೇ ಇಲ್ಲ" ಎಂದರು. ಮಗಳು ಓದಲು ಹೋಗಿ ಮೂರು ವರ್ಷ ಆಗಿತ್ತು. ಹೊನ್ನಾಳಿಯಲ್ಲಿರುವ ಅವರ ಅಳಿಯ ಈಗ ಅರ್ಜಿ ಹಾಕಿಸಿದ್ದಾರೆ. ಇನ್‌ಶಾ ಅಲ್ಲಾಹ್, ಅವರೂ ಹೋಗಿ ಬರುತ್ತಾರೆ.

ನನ್ನ ಮನೆಯವಳು ಹನ್ನೆರಡು ದಿನ ಇದ್ದು ಬಂದಳು. ಖಾಲಿ ಪೆಟ್ಟಿಗೆಯಲ್ಲಿ ಸೇಬು ತುಂಬಿಸಿಕೊಂಡು ಬಂದಿದ್ದಳು. ಮಣೆ ಇರಲಿಲ್ಲ, ಅಲ್ಲೇ ಬಿಟ್ಟು ಬಂದಿದ್ದಳು. ನಾನು ಹೇಗಿದ್ದಾನೆ ಎಂದೆ. "ಸ್ವಲ್ಪ ಸಣ್ಣ ಆಗಿದ್ದಾನೆ. ಜುಮ್ಮಾ ದಿನ ಫೋನ್ ಮಾಡ್ತಾನೆ, ಅವನು ಮಾತಾಡುವಾಗ ನೀವು ನಡುವೆ ಬಾಯಿ ಹಾಕ್ಬೇಡಿ" ಎಂದಳು. ಮತ್ತೇನೂ ಹೇಳಲಿಲ್ಲ.

ಆ ಜುಮ್ಮಾ ದಿನ ಅವನು ಫೋನ್ ಮಾಡಿದ. ಎಲ್ಲ ಹೇಳಿದ. ಫೇಲಾದದ್ದು, ಮಾರಿದ್ದು, ಸುಳ್ಳು ಹೇಳಿದ್ದು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾನು ಕೇಳಿದೆ.

"ಊಟ ಆಯ್ತಾ ಮೋನೇ?"

"ಇಲ್ಲ ಬಾಪ, ರೊಟ್ಟಿ ಒತ್ತುತ್ತಾ ಇದ್ದೇನೆ" ಎಂದ.